ಬ್ಯಾಡ್ಜಿನ ಹಿಂಬದಿ

ಮನೆಯಲ್ಲಿ ಅವಳಿಗೆ ಅತ್ತೆ ಇಟ್ಟ ಹೆಸರು ಪ್ರಶ್ನೆಪತ್ರಿಕೆ. ಮದುವೆಯಾಗಿ ಬಂದ ಹೊಸತರಲ್ಲಿ, ಕೂತಲ್ಲಿ ನಿಂತಲ್ಲಿ ಏನಾದರೊಂದು ಕೇಳುತ್ತಲೇ ಇರುತ್ತಾಳೆಂದು ತಮಾಷೆಗೆ ಇಟ್ಟದ್ದು, ಹಾಗೇ ಅಂಟಿಕೊಂಡುಬಿಟ್ಟಿತು. ಆ ಬೀರುವಿನ ಬಾಗಿಲು ಯಾಕೆ ಓರೆ, ಎದುರುಮನೆಯವರು ಕಿಟಕಿಗೆ ಯಾಕೆ ಎರಡೆರಡು ಪರದೆ ಹಾಕುತ್ತಾರೆ, ಮಾವನವರ ಎಲ್ಲ ಫೋಟೋದಲ್ಲೂ ಯಾಕೆ ಒಂದೇ ಕಿವಿ ಕಾಣುತ್ತದೆ, ಒಂದಾ ಎರಡಾ! ಗಂಡ ಉತ್ತರ ಹೇಳಿ ಹೇಳಿ ಸುಸ್ತಾಗಿ ಪೇಪರಿನ ಹಿಂದೆ ಮುಖ ಮರೆಸಿಕೊಳ್ಳುವುದನ್ನು ಕಲಿತ. ಅತ್ತೆಗೆ ಮಾತ್ರ ಬೇಸರವಾಗಲಿಲ್ಲ. "ಕೇಳು ಕೇಳು, ಕೇಳೋದಕ್ಕೇನು ತೆರಿಗೆ ಇಲ್ಲವಲ್ಲ" ಎನ್ನುತ್ತಿದ್ದರು. ಅದು ಅತ್ತೆಗೆ ದನಿ ಇದ್ದ ಕಾಲದ ಮಾತು.

ಹೋದ ವರ್ಷ ಗಂಟಲಿನ ಆಪರೇಷನ್ ಆಯಿತು. ಡಾಕ್ಟರು ಜೀವ ಉಳಿಸಿದರು, ದನಿ ಉಳಿಸಲಾಗಲಿಲ್ಲ. ಅಂಥಿಂಥ ದನಿಯಲ್ಲ ಅದು. ಅತ್ತೆ ತಮ್ಮ ಇಡೀ ನೌಕರಿಯನ್ನು ಟೆಲಿಫೋನ್ ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಒಂದೂರಿನ ಮಾತನ್ನು ಇನ್ನೊಂದೂರಿಗೆ ದಾಟಿಸುತ್ತ ಕಳೆದವರು. ಆ ದನಿ ಕೇಳುವುದಕ್ಕೆಂದೇ ತಮಗೆ ಯಾರೂ ಇಲ್ಲದ ಊರಿಗೆ ಟ್ರಂಕ್ ಕಾಲ್ ಬುಕ್ ಮಾಡಿದವರಿದ್ದರಂತೆ. ಮಾವನವರೂ ಆ ಪೈಕಿಯೇ ಎಂದು ಮನೆಯಲ್ಲಿ ಗುಸುಗುಸು. ಈಗ ಬಾಯಿಯ ಬದಲು ಒಂದು ಸ್ಲೇಟು, ಕೂಗುವ ಬದಲು ಚಪ್ಪಾಳೆ. ಒಂದು ಚಪ್ಪಾಳೆ ಎಂದರೆ ಬಾ, ಎರಡು ಎಂದರೆ ಬೇಗ ಬಾ, ಮೂರು ಎಂದರೆ ಎಲ್ಲಿ ಸತ್ತೆ ಎಂದರ್ಥ.

ಸೊಸೆ ಕೆಲಸ ಮಾಡುತ್ತಿದ್ದದ್ದು ಬಸ್ ನಿಲ್ದಾಣದ ಹಿಂದಿನ ರಸ್ತೆಯ ಸಣ್ಣದೊಂದು ಪ್ರೆಸ್ಸಿನಲ್ಲಿ. ಕಂಪ್ಯೂಟರಿನ ಮುಂದೆ ಕೂತು ಪುಟ ಕಟ್ಟುವುದು ಅವಳ ಕೆಲಸ. ಕರಪತ್ರ, ರಸೀದಿ ಪುಸ್ತಕ, ಅಂಗಡಿಯ ಬೋರ್ಡು, ಯಾವುದೇ ಬರಲಿ, ಬಂದವರ ಬಾಯಿ ಬಿಡಿಸದೆ ಅವಳು ಮೌಸ್ ಮುಟ್ಟುತ್ತಿರಲಿಲ್ಲ. "ಗಿರಾಕಿ ಬಂದಿರೋದು ಪ್ರಿಂಟ್ ಹಾಕಿಸೋಕೆ, ಸಂದರ್ಶನ ಕೊಡೋಕಲ್ಲ" ಎಂದು ಮಾಲೀಕರು ಗೊಣಗುವುದು ಇದ್ದೇ ಇತ್ತು. ಆದರೆ ಅವಳು ಕಟ್ಟಿದ ಪುಟ ತಿರುಗಿ ಬಂದದ್ದು ಕಡಿಮೆ, ಹಾಗಾಗಿ ಗೊಣಗಾಟ ಗೊಣಗಾಟದಲ್ಲೇ ಮುಗಿಯುತ್ತಿತ್ತು.

ಒಂದು ಬೆಳಗ್ಗೆ ನೆಟ್ಟನೆಯ ಬೆನ್ನಿನ ವಯಸ್ಸಾದ ಹೆಂಗಸೊಬ್ಬರು ಬಂದರು. ನಿವೃತ್ತ ಟೆಲಿಫೋನ್ ಆಪರೇಟರುಗಳ ಸಂಘದ ಕಾರ್ಯದರ್ಶಿ, ನೌಕರಿಯಲ್ಲಿದ್ದಾಗ ಸೂಪರ್‌ವೈಸರ್. ಮುಂದಿನ ವಾರ ಎಲ್ಲ ಊರಿನ ಹಳೆಯ ಆಪರೇಟರುಗಳೂ ಒಂದು ಕಡೆ ಸೇರುತ್ತಾರೆ, ಅವರಿಗೆಲ್ಲ ಕೊರಳಿಗೆ ಹಾಕುವ ಬ್ಯಾಡ್ಜ್ ಆಗಬೇಕು ಎಂದರು. ಸೊಸೆಯ ಕಿವಿ ನೆಟ್ಟಗಾಯಿತು. ಆ ಕೂಟದ ಆಹ್ವಾನ ತಮ್ಮ ಮನೆಗೂ ಬಂದಿತ್ತು. ಅತ್ತೆ ಅದನ್ನು ಓದಿ, ನಾಲ್ಕು ಮಡಿಕೆ ಮಾಡಿ, ಅಲ್ಲಾಡುವ ಮೇಜಿನ ಕಾಲಿನಡಿಗೆ ಇಟ್ಟಿದ್ದರು.

"ಬ್ಯಾಡ್ಜಿನ ಮೇಲೆ ಏನೇನು ಬರಬೇಕು ಮೇಡಂ?"

"ಹೆಸರು, ಊರು. ಇನ್ನೇನು ಜೀವನಚರಿತ್ರೆ ಬರೀತಾರಾ?"

"ಹೆಸರು ನೋಡಿದ್ರೆ ಒಬ್ಬರಿಗೊಬ್ಬರು ಗುರುತು ಸಿಗ್ತಾರಾ?"

"ಇಲ್ಲ" ಎಂದರು ಕಾರ್ಯದರ್ಶಿ. "ಲೈನಲ್ಲಿ ಹೆಸರು ಹೇಳೋ ಹಾಗಿರಲಿಲ್ಲ. ರೂಲು. ಹೇಳಿದ್ರೆ ನಾನೇ ಮೆಮೋ ಕೊಡ್ತಿದ್ದೆ."

"ಮುಖ?"

"ಮುಖ ಎಲ್ಲಿಂದ ನೋಡ್ತಾರೆ? ಒಬ್ಬಳು ಈ ಊರಲ್ಲಿ, ಇನ್ನೊಬ್ಬಳು ಆ ಊರಲ್ಲಿ."

"ಮತ್ತೆ ಏನಂತ ಕರೀತಿದ್ರು?"

"ಏನೋ ಕರೀತಿದ್ರು. ನನ್ನ ಕಿವಿಗೆ ಬೀಳದ ಹಾಗೆ" ಎಂದರು ಕಾರ್ಯದರ್ಶಿ, ಇಷ್ಟು ವರ್ಷದ ಮೇಲೂ ಅದರ ಮೇಲೆ ಸಣ್ಣ ಸಿಟ್ಟು ಉಳಿದವರ ಹಾಗೆ.

ಅವತ್ತು ಸಂಜೆ ಚಪ್ಪಲಿ ಬಿಟ್ಟವಳೇ ಸೊಸೆ ಅತ್ತೆಯ ಎದುರು ಹೋಗಿ ಕೂತಳು. "ಅತ್ತೆ, ಲೈನಲ್ಲಿ ನಿಮ್ಮನ್ನ ಏನಂತ ಕರೀತಿದ್ರು?"

ಅತ್ತೆ ಅವಳ ಮುಖವನ್ನೇ ನೋಡಿದರು. ಆಮೇಲೆ ಸ್ಲೇಟಿನ ಮೇಲೆ ಒಂದೇ ಪದ ಬರೆದರು. ಗಡಿಯಾರ. ಕೆಳಗೆ ಸಣ್ಣದಾಗಿ: ಟ್ರಂಕ್ ಕಾಲಿಗೆ ಮೂರು ನಿಮಿಷ ಆಯಿತು ಅಂತ ಸರಿಯಾಗಿ ಹೇಳುತ್ತಿದ್ದೆನಲ್ಲ, ಅದಕ್ಕೆ.

"ಯಾರು ಇಟ್ಟಿದ್ದು?"

ಬಂದರು, ಎಂದು ಬರೆದರು ಅತ್ತೆ.

ಸಮುದ್ರದ ದಂಡೆಯ ಎಕ್ಸ್‌ಚೇಂಜಿನವಳು. ಹಡಗಿನ ಸೀಟಿ ಅವಳ ಹಿಂದೆ ಕೇಳುತ್ತಿತ್ತಂತೆ, ಅದಕ್ಕೇ ಆ ಹೆಸರು. ಇಬ್ಬರ ಪಾಳಿಯೂ ಹೆಚ್ಚಾಗಿ ಒಂದೇ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಲೈನು ಹಿಡಿದುಕೊಂಡೇ ಇರುತ್ತಿದ್ದರು. ಸೊಸೆ ಕೇಳುತ್ತ ಹೋದಳು, ಅತ್ತೆ ಬರೆದು ಒರೆಸಿ, ಒರೆಸಿ ಬರೆದು, ಕೈಯೆಲ್ಲ ಬಳಪದ ಪುಡಿ ಮಾಡಿಕೊಂಡರು. ಕೊನೆಗೆ ಬರೆದದ್ದನ್ನು ಮಾತ್ರ ಬಹಳ ಹೊತ್ತು ಒರೆಸಲಿಲ್ಲ: ನಿನ್ನ ಮಾವ ತೀರಿಕೊಂಡ ವರ್ಷ ಅವಳಿಲ್ಲದಿದ್ದರೆ ನಾನೂ ಇರುತ್ತಿರಲಿಲ್ಲ. ಆಮೇಲೆ ಬೋರ್ಡು ಕಿತ್ತು, ತಾನೇ ಲೈನು ಜೋಡಿಸುವ ಯಂತ್ರ ತಂದರು. ಅವಳ ಹೆಸರು ನನಗೆ ಗೊತ್ತಿಲ್ಲ. ನನ್ನದು ಅವಳಿಗೆ ಗೊತ್ತಿಲ್ಲ.

ಸೊಸೆಗೆ ಅವತ್ತು ಊಟ ಸೇರಲಿಲ್ಲ. ಮಾರನೆಯ ದಿನ ಕಾರ್ಯದರ್ಶಿಗೆ ಫೋನ್ ಮಾಡಿ ಪಟ್ಟು ಹಿಡಿದು ಕೂತಳು. ಎಲ್ಲರಿಗೂ ಫೋನ್ ಮಾಡಿ ಲೈನಿನ ಹೆಸರು ಕೇಳಿ ಮೇಡಂ, ಅದಿಲ್ಲದಿದ್ದರೆ ಇಡೀ ಹಾಲ್ ತುಂಬ ಅಪರಿಚಿತರು ಕೂತು ಕಾಫಿ ಕುಡಿದು ಎದ್ದು ಹೋಗುತ್ತಾರೆ ಎಂದಳು. ಕಾರ್ಯದರ್ಶಿ ಮೊದಲು ಆಗಲ್ಲ ಎಂದರು, ಮರ್ಯಾದೆಯ ಪ್ರಶ್ನೆ ಎಂದರು. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು: ಮುಂದುಗಡೆ ಮರ್ಯಾದೆಯಾಗಿ ಹೆಸರು ಮತ್ತು ಊರು, ಆ ಅಡ್ಡಹೆಸರುಗಳೇನಿದ್ದರೂ ಹಿಂಬದಿಗೆ.

ಹೆಸರುಗಳು ಬರತೊಡಗಿದವು ನೋಡಿ. ಕೆಮ್ಮು. ಪಿಸುಮಾತು. ಇನ್ನೊಮ್ಮೆ ಹೇಳಿ. ಅವಸರ. ಬೆಕ್ಕಿನಮರಿ. ಸೊಸೆ ಒಬ್ಬಳೇ ಕಂಪ್ಯೂಟರಿನ ಮುಂದೆ ಕೂತು ನಗುವುದನ್ನು ಕಂಡು ಮಾಲೀಕರು ಎರಡು ಸಲ ಬಂದು ಇಣುಕಿ ಹೋದರು. ನಡುಮಧ್ಯಾಹ್ನ ಬಂದ ಹೆಸರು ಓದಿದಾಗ ಅವಳ ನಗು ನಿಂತಿತು. ಬಂದರು.

ಮನೆಗೆ ಓಡಿ ಬಂದು ಹೇಳಿದಳು. "ಅತ್ತೆ, ಬಂದರು ಬರ್ತಿದ್ದಾರೆ."

ಅತ್ತೆಯ ಮುಖ ಅರಳಿತು, ಅರಳಿದ ಹಾಗೇ ಬಾಡಿತು. ನಾನು ಬರಲ್ಲ, ಎಂದು ಬರೆದರು.

"ಯಾಕೆ?"

ಅವಳಿಗೆ ಗೊತ್ತಿರೋದು ನನ್ನ ದನಿ ಒಂದೇ. ಅದೇ ಇಲ್ಲ ಅಂದಮೇಲೆ ಅಲ್ಲಿಗೆ ಹೋಗಿ ನಿಲ್ಲೋದು ಯಾರು?

ಪ್ರಶ್ನೆಪತ್ರಿಕೆ ಎದ್ದು ಹೋಗಿ ಪಾತ್ರೆ ತೊಳೆದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ಇನ್ನು ಬ್ಯಾಡ್ಜಿನ ಕಥೆ ಸ್ವಲ್ಪ ಹೇಳಲೇಬೇಕು, ಬೇಸರ ಮಾಡಿಕೊಳ್ಳಬೇಡಿ. ಒಂದು ದೊಡ್ಡ ಹಾಳೆಯಲ್ಲಿ ಬ್ಯಾಡ್ಜುಗಳನ್ನು ಮೂರು ಸಾಲಾಗಿ ಕೂರಿಸಬೇಕು: ಎಡದ್ದೊಂದು, ನಡುವಿನದೊಂದು, ಬಲದ್ದೊಂದು. ಮೊದಲು ಒಂದು ಚೌಕಟ್ಟು ಕಟ್ಟಿ, ಹೆಸರಿಗೆ ಇಲ್ಲಿ ಜಾಗ, ಊರಿಗೆ ಅಲ್ಲಿ ಜಾಗ ಎಂದು ಗುರುತು ಹಾಕಿಕೊಟ್ಟರೆ, ಸಾಫ್ಟ್‌ವೇರು ಒಬ್ಬೊಬ್ಬರ ಹೆಸರನ್ನೂ ಎತ್ತಿ ಎಡದಿಂದ ಬಲಕ್ಕೆ ತಾನೇ ತುಂಬುತ್ತ ಹೋಗುತ್ತದೆ. ಕತ್ತರಿಸುವವರಿಗೆ ಅಂಚಿನಲ್ಲಿ ಗೆರೆ ಬಿಡಬೇಕು. ಅಕ್ಷರದ ಕೆಳಗೆ ಸಾಕಷ್ಟು ಜಾಗ ಬಿಡಬೇಕು. ಇಲ್ಲದಿದ್ದರೆ ಕೆಮ್ಮಿನ ಒತ್ತು ಕತ್ತರಿಗೆ ಸಿಕ್ಕಿ ಅವರು ಕೆಮು ಆಗಿಬಿಡುತ್ತಾರೆ. ಇದೆಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು.

ತಾಪತ್ರಯ ಇರುವುದು ಹಿಂಬದಿಯಲ್ಲಿ. ಹಾಳೆಯನ್ನು ಪುಸ್ತಕದ ಪುಟದ ಹಾಗೆ ಮಗುಚಿ ನೋಡಿ. ಎಡಗಡೆ ಇದ್ದವರ ಬೆನ್ನಿಗೆ ಬಂದು ನಿಲ್ಲುವುದು ಬಲಗಡೆಯ ಜಾಗ. ಹಾಗಾಗಿ ಹಿಂಬದಿಯ ಪುಟದಲ್ಲಿ ಹೆಸರುಗಳನ್ನು ಬಲದಿಂದ ಎಡಕ್ಕೆ ತುಂಬಬೇಕು. ಸಾಫ್ಟ್‌ವೇರಿಗೆ ಆ ಬುದ್ಧಿ ಇಲ್ಲ, ಅದು ಎರಡೂ ಕಡೆ ಎಡದಿಂದಲೇ ಶುರು ಮಾಡುತ್ತದೆ. ಸೊಸೆ ಅವನ್ನು ಕೈಯಾರೆ ಒಂದೊಂದಾಗಿ ಅದಲುಬದಲು ಮಾಡಿ, ಒಂದು ಪ್ರತಿ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ಎಲ್ಲ ಸರಿಯಿದೆ ಎಂದು ನೋಡಿಕೊಂಡಳು.

ಆಮೇಲೆ, ಯಾರೂ ಹೇಳದಿದ್ದರೂ, "ಗಡಿಯಾರ" ಎಂದು ದಪ್ಪಗೆ ಅಚ್ಚಾದ ಒಂದು ಮಾದರಿ ಬ್ಯಾಡ್ಜನ್ನು ಮಾಡಿ ಮನೆಗೆ ತಂದಳು. ಕೊರಳಿಗೆ ಹಾಕಿಕೊಂಡು ಪಡಸಾಲೆಯ ಆ ತುದಿಗೆ ಹೋಗಿ ನಿಂತು, "ಅತ್ತೆ, ಅಲ್ಲಿಗೆ ಕಾಣುತ್ತಾ?" ಎಂದಳು.

ಅತ್ತೆ ತಲೆ ಎತ್ತಲಿಲ್ಲ. ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಈಗ?" ಇನ್ನೊಂದು ಹೆಜ್ಜೆ. ಕೊನೆಗೆ ಅತ್ತೆ ತಡೆಯಲಾರದೆ ಕನ್ನಡಕ ಸರಿಮಾಡಿಕೊಂಡು ನೋಡಿದರು, ಒಂದು ಚಪ್ಪಾಳೆ ತಟ್ಟಿದರು. ಸ್ಲೇಟು ಎತ್ತಿ ಬರೆದರು: ಅಕ್ಷರ ಇನ್ನೂ ಮೇಲಕ್ಕಿರಲಿ. ಎರಡು ತೂತು ಹೊಡಿ, ಒಂದಾದರೆ ಗಿರಗಿರ ತಿರುಗುತ್ತೆ.

ಅತ್ತೆ ದಾರಿಗೆ ಬರುತ್ತಿದ್ದಾರೆ ಎಂದುಕೊಂಡಳು ಸೊಸೆ. ಪಕ್ಕದಲ್ಲಿ ಬಂದು ಕೂತು, ಏನೂ ಅರಿಯದವಳ ಹಾಗೆ, "ಅಲ್ಲ ಅತ್ತೆ, ಬಂದರು ದಪ್ಪಗಿರಬಹುದೋ ಸಣ್ಣಗಿರಬಹುದೋ?" ಎಂದು ಕೇಳಿದಳು.

ಎತ್ತರ ಇರಬೇಕು, ಎಂದು ಬರೆದರು ಅತ್ತೆ. ಎತ್ತರದವರ ನಗು ಅದು.

"ನೋಡಬೇಕು ಅನ್ನಿಸಲ್ವಾ?"

ಅತ್ತೆ ಬರೆದದ್ದನ್ನು ಒರೆಸಿ ಬಳಪ ಕೆಳಗಿಟ್ಟರು.

"ನಿಮ್ಮ ದನಿ ಹೇಳಬೇಕಾದ್ದನ್ನ ಬ್ಯಾಡ್ಜ್ ಹೇಳುತ್ತೆ. ಅದರ ಜವಾಬ್ದಾರಿ ನಂದು" ಎಂದಳು ಸೊಸೆ. ಜವಾಬ್ದಾರಿ ಎನ್ನುವ ಮಾತನ್ನು ಹಾಗೆಲ್ಲ ಸುಮ್ಮನೆ ಆಡಬಾರದು. ಆಡಿದಳು.

ಅತ್ತೆ ಒಪ್ಪಿದ್ದು ಕೊನೆಯ ಗಳಿಗೆಯಲ್ಲಿ, ಬ್ಯಾಡ್ಜುಗಳು ಮೆಷಿನ್ನಿಗೆ ಹೋಗಬೇಕಾದ ದಿನ ಬೆಳಗ್ಗೆ. ಸೊಸೆ ಕುಣಿಯುತ್ತಲೇ ಪ್ರೆಸ್ಸಿಗೆ ಹೋಗಿ ಅತ್ತೆಯ ಹೆಸರನ್ನು ಅಕ್ಷರಾನುಕ್ರಮದಲ್ಲಿ ಎಲ್ಲಿ ಬರಬೇಕೋ ಅಲ್ಲಿ ಸೇರಿಸಿದಳು. ನಡುವೆ ಒಂದು ಹೆಸರು ಹೊಕ್ಕ ಮೇಲೆ ಆಮೇಲಿನವರೆಲ್ಲ ಒಂದೊಂದು ಜಾಗ ಸರಿದರು. ಸಾಫ್ಟ್‌ವೇರು ಎಲ್ಲವನ್ನೂ ಹೊಸದಾಗಿ ತುಂಬಿಕೊಂಡಿತು, ಎರಡೂ ಕಡೆ, ತನ್ನ ಬುದ್ಧಿಯಂತೆ ಎಡದಿಂದಲೇ. ಅವಳು ಕೈಯಾರೆ ಮಾಡಿದ ಅದಲುಬದಲು ಅಳಿಸಿಹೋಯಿತು.

ನೋಡಲಿಲ್ಲವೇ ಎಂದರೆ, ನೋಡಿದಳು. ಅದೇ ಬೇಜಾರು. ಮೆಷಿನ್ನಿನಿಂದ ಬಂದ ಬಿಸಿ ಹಾಳೆಯಲ್ಲಿ ಒಂದು ಬ್ಯಾಡ್ಜಿನ ಮೇಲೆ ಬೆರಳಿಟ್ಟು, ಮಗುಚಿ ನೋಡಿದಳು. ಮುಂದೆ ಬಂದರಿನ ನಿಜವಾದ ಹೆಸರು, ಹಿಂದೆ ಬಂದರು. ಸರಿಯಾಗಿತ್ತು. ಆದರೆ ಅದು ನಡುವಿನ ಸಾಲಿನದು. ಹಾಳೆಯನ್ನು ಹೇಗೆ ಮಗುಚಿದರೂ ನಡುವಿನದು ನಡುವಿಗೇ ಬರುತ್ತದೆ. ತಪ್ಪಿದರೆ ತಪ್ಪುವುದು ಎಡಬಲದವರದು. ಈ ಕೆಲಸದಲ್ಲಿ ನುರಿತವಳು, ಗೊತ್ತಿಲ್ಲದ್ದೇನಲ್ಲ. ಆದರೆ ಅವತ್ತು ಅವಳ ಮನಸ್ಸೆಲ್ಲ ಬಂದರು ಎತ್ತರವೋ ಗಿಡ್ಡವೋ ಎಂಬುದರ ಮೇಲಿತ್ತು. ಹಾಳೆಗಳು ಕತ್ತರಿಸಿ, ಪ್ಲಾಸ್ಟಿಕ್ ಹೊದಿಸಿಕೊಂಡು, ಪೆಟ್ಟಿಗೆ ಸೇರಿ ಹಾಲ್‌ಗೆ ಹೋದವು.

ಹಾಲ್ ಬಾಗಿಲಲ್ಲಿ ಎಲ್ಲರ ಕೊರಳಿಗೂ ಬ್ಯಾಡ್ಜ್ ಬಿತ್ತು, ಮುಂದುಗಡೆ ಹೊರಕ್ಕೆ. ಅತ್ತೆ ಇದ್ದುದರಲ್ಲಿ ಚೆನ್ನಾಗಿರುವ ಸೀರೆ ಉಟ್ಟು, ಕುತ್ತಿಗೆಯ ಬಟ್ಟೆಯನ್ನು ಅದಕ್ಕೆ ಹೊಂದುವ ಬಣ್ಣದ್ದೇ ಸುತ್ತಿಕೊಂಡಿದ್ದರು. ಸೊಸೆಯ ಕೈಯನ್ನು ಬಿಗಿಯಾಗಿ ಹಿಡಿದಿದ್ದರು. ಕುರ್ಚಿಗಳ ತುಂಬ ಬಿಳಿತಲೆಗಳು. ಒಬ್ಬರಿಗೊಬ್ಬರು ಸಣ್ಣಗೆ ನಕ್ಕು, ಹೆಸರು ಓದಿಕೊಂಡು, ಯಾರೋ ಏನೋ ಎಂದು ಮುಖ ತಿರುಗಿಸುತ್ತಿದ್ದರು.

ಕಾರ್ಯದರ್ಶಿ ಮೈಕಿನ ಮುಂದೆ ನಿಂತರು. "ಲೈನಲ್ಲಿ ಹೆಸರಿಟ್ಟು ಕರೀಬೇಡಿ ಅಂತ ನಿಮ್ಮಲ್ಲಿ ಎಷ್ಟೋ ಜನಕ್ಕೆ ಮೆಮೋ ಕೊಟ್ಟವಳು ನಾನು" ಎಂದರು. "ಇವತ್ತು ನಾನೇ ಹೇಳ್ತಿದ್ದೀನಿ. ಬ್ಯಾಡ್ಜ್ ತಿರುಗಿಸ್ಕೊಳ್ಳಿ."

ಇಡೀ ಹಾಲ್ ಪಟಪಟನೆ ತಿರುಗಿತು. ತಮ್ಮ ಎದೆಯ ಮೇಲಿನದನ್ನು ಯಾರೂ ಓದಿಕೊಳ್ಳುವುದಿಲ್ಲ. ಎಲ್ಲರ ಕಣ್ಣೂ ಎದುರಿನವರ ಎದೆಯ ಮೇಲೆ. ಯಾರೋ ಕಿರುಚಿದರು, ಯಾರೋ ನಕ್ಕರು, ಕುರ್ಚಿಗಳು ಜರುಗಿದವು, ಎಲ್ಲರೂ ಚಪ್ಪಾಳೆ ತಟ್ಟತೊಡಗಿದರು. ಸೊಸೆ ಹೆಮ್ಮೆಯಿಂದ ಅತ್ತೆಯ ಕಡೆ ತಿರುಗಿ ಬ್ಯಾಡ್ಜ್ ನೋಡಿದಳು.

ಅವಸರ, ಎಂದಿತ್ತು.

ಎಡ, ಬಲ, ನಡುವಿನ ಸಾಲು, ಎಲ್ಲವೂ ಅವಳಿಗೆ ಒಂದೇ ಏಟಿಗೆ ಅರ್ಥವಾಯಿತು. ಹಾಗಾದರೆ ಗಡಿಯಾರ ಎಲ್ಲಿದೆ ಎಂದು ಕಣ್ಣಾಡಿಸುವಷ್ಟರಲ್ಲಿ ಹಾಲ್‌ನ ಆ ಬದಿಯಲ್ಲಿ, ಗಿಡ್ಡಗೆ ಗುಂಡಗಿದ್ದ ಒಬ್ಬರು ಕೈಚೀಲವನ್ನು ನೆಲಕ್ಕೆ ಬಿಟ್ಟು ಓಡುತ್ತಿದ್ದರು. ಅವರ ಎದೆಯ ಮೇಲೆ ಬಂದರು ಎಂದಿತ್ತು. ಓಡಿಹೋಗಿ, ಎತ್ತರದ ಸಣಕಲು ಹೆಂಗಸೊಬ್ಬರನ್ನು ತಬ್ಬಿಕೊಂಡು ಗಳಗಳನೆ ಅತ್ತರು. ಆ ಹೆಂಗಸಿನ ಕೊರಳಲ್ಲಿ ಗಡಿಯಾರ ತೂಗುತ್ತಿತ್ತು.

ಅತ್ತೆಯೂ ನೋಡಿದರು. ಎದ್ದು ನಿಂತರು. ಬಾಯಿ ತೆರೆದರು, ಬರೀ ಗಾಳಿ ಬಂತು. ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು. ಒಂದು, ಎರಡು, ಮೂರು. ಇಡೀ ಹಾಲ್ ಚಪ್ಪಾಳೆ ತಟ್ಟುತ್ತಿರುವಾಗ ಅದು ಯಾರಿಗೆ ಕೇಳಬೇಕು? ತಟ್ಟುತ್ತಲೇ ಇದ್ದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಸೊಸೆಗೆ ತನ್ನ ಕೈಯನ್ನೇ ಕತ್ತರಿಸಿ ಎಸೆಯಬೇಕು ಎನ್ನಿಸಿತು.

ಅವಳು ಕುರ್ಚಿಗಳನ್ನು ತಳ್ಳಿಕೊಂಡು ಓಡಿದಳು. ಅವಳು ತಲುಪುವ ಹೊತ್ತಿಗೆ ಆ ಎತ್ತರದವರು, "ಅಯ್ಯೋ ಬಿಡಿಬಿಡಿ, ಯಾರು ನೀವು, ನನ್ನ ಕನ್ನಡಕ ನನ್ನ ಕನ್ನಡಕ" ಎಂದು ಒಂದೇ ಉಸಿರಿಗೆ ಹೇಳುತ್ತಿದ್ದರು. ಬಂದರು ಬೆಂಕಿ ಮುಟ್ಟಿದವರ ಹಾಗೆ ಹಿಂದಕ್ಕೆ ಸರಿದರು.

"ಇದು ಗಡಿಯಾರ ಅಲ್ಲ" ಎಂದರು. "ದನಿ ಬೇರೆ. ಅವಳು ಬಂದಿಲ್ವಾ ಹಾಗಾದ್ರೆ?"

"ಬಂದಿದ್ದಾರೆ. ತಪ್ಪು ನಂದು" ಎಂದಳು ಸೊಸೆ. "ಹಿಂಬದಿ ಅದಲುಬದಲಾಗಿದೆ. ಪುಟ ಕಟ್ಟಿದ್ದು ನಾನೇ. ನನ್ನ ಅತ್ತೆ ಅವರು. ಅಲ್ಲಿದ್ದಾರೆ, ಬನ್ನಿ."

ಬಂದರು ನಂಬಿದಂತೆ ಕಾಣಲಿಲ್ಲ. ಆದರೂ ಅವಳ ಹಿಂದೆ ನಡೆದರು. ಅತ್ತೆಯ ಎದುರು ನಿಂತು, ಎದೆಯ ಮೇಲಿನ ಅವಸರವನ್ನು ಓದಿ, ಮುಖ ನೋಡಿ, "ನೀವಾದ್ರೆ ಒಂದು ಮಾತಾಡಿ, ಸಾಕು. ಒಂದೇ ಮಾತು" ಎಂದರು.

ಅತ್ತೆ ತಲೆ ಅಲ್ಲಾಡಿಸಿ ಕುತ್ತಿಗೆಯ ಬಟ್ಟೆ ಮುಟ್ಟಿ ತೋರಿಸಿದರು.

"ಆಪರೇಷನ್ ಆಗಿದೆ" ಎಂದಳು ಸೊಸೆ. "ದನಿ ಇಲ್ಲ."

ಅತ್ತೆ ಸ್ಲೇಟಿಗಾಗಿ ಚೀಲ ತಡಕಿದರು. ಬಂದರು ಆ ಕೈಯನ್ನು ಹಿಡಿದು ನಿಲ್ಲಿಸಿದರು. "ಬೇಡ, ಬರೀಬೇಡಿ" ಎಂದರು. ಕಣ್ಣು ಮುಚ್ಚಿಕೊಂಡರು. ತಲೆಯನ್ನು ಒಂದು ಬದಿಗೆ ಓರೆ ಮಾಡಿ, ಅತ್ತೆಗೆ ಬಲು ಹತ್ತಿರ, ಹಾಗೇ ಕಿವಿಗೊಟ್ಟು ನಿಂತರು. ಸುತ್ತ ಜನ ಹೆಸರು ಕೂಗುತ್ತಿದ್ದರು, ಬ್ಯಾಡ್ಜ್ ತಪ್ಪಾಗಿದೆ ಎಂದು ಯಾರೋ ಕಾರ್ಯದರ್ಶಿಯನ್ನು ಹಿಡಿದುಕೊಂಡಿದ್ದರು. ಅತ್ತೆ ಕದಲಲಿಲ್ಲ.

"ಇದೇ" ಎಂದರು ಬಂದರು. ಕಣ್ಣು ತೆರೆಯಲಿಲ್ಲ. "ಇವಳು ಸುಮ್ಮನಿರೋದು ನನಗೆ ಗೊತ್ತು."

ಸೊಸೆಗೆ ತಡೆಯಲಾಗಲಿಲ್ಲ. "ಸುಮ್ಮನಿರೋದಾ? ಅತ್ತೆ ದನಿ ಅಂದ್ರೆ ಊರಿಗೆಲ್ಲ..."

"ಊರಿಗೆಲ್ಲ ಇತ್ತು ಕಣಮ್ಮಾ. ನನ್ನ ಹತ್ರ ಯಾವಾಗ ಮಾತಾಡಿದ್ಲು?" ಬಂದರು ಕಣ್ಣು ತೆರೆದು ಅತ್ತೆಯನ್ನು ನೋಡಿದರು. "ನೀನೇ ಹೇಳೇ. ನಿನ್ನ ಗಂಡ ತೀರಿಕೊಂಡ ವರ್ಷ ಒಂದು ಮಾತಾಡಿದ್ಯಾ ನೀನು? ಬಾಯಿಗೆ ಬಂದದ್ದು ಹೇಳ್ಕೊಂಡು ಕೂತಿದ್ದು ನಾನು. ಮೀನಿನ ವಾಸನೆ, ನಮ್ಮ ಓರಗಿತ್ತಿ ಜಗಳ, ಸೋರೋ ಮನೆ. ಆ ಕಡೆ ನೀನು ಇದ್ದೀಯ ಅಂತ ಮಾತ್ರ ಗೊತ್ತಾಗ್ತಿತ್ತು. ಬೋರ್ಡು ತೆಗೆದ ಮೇಲೆ ನನ್ನ ಮಾತನ್ನ ಕೊನೇವರೆಗೂ ಯಾರೂ ಕೇಳಿಲ್ಲ ಕಣೇ. ಮಕ್ಕಳೂ ಕೇಳಿಲ್ಲ."

ಅತ್ತೆ ಅವರ ಕೈ ಹಿಡಿದು, ಪಕ್ಕದ ಕುರ್ಚಿಯನ್ನು ತಟ್ಟಿ ತೋರಿಸಿದರು. ಬಂದರು ಕೂತು, ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಎಲ್ಲಿಗೆ ನಿಲ್ಲಿಸಿದ್ದೆ ನಾನು?" ಎಂದು ಕೇಳಿದರು. ಅತ್ತೆ ತಮ್ಮ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.